ಕಣಾರನ್ ಕಟ್ಟಿದ ರಬ್ಬರು ಪಟ್ಟಿ

ಪುಳಿಮುಕ್ಕಿನ ಬಸ್ ಸ್ಟಾಪಿನಲ್ಲಿ ನಿಂತು ಸುಗುಣನ್ ಫ್ಲೆಕ್ಸುಗಳನ್ನು ಎಣಿಸಿದ. ಏಳು. ಕೆಂಪು ಪಕ್ಷದವರದ್ದೊಂದು, ಅವರ ಮುಖ ಕಂಡರಾಗದ ಹಸಿರು ಪಕ್ಷದವರದ್ದೊಂದು, ಆಟೊ ಸ್ಟ್ಯಾಂಡಿನದ್ದು, ಮಸೀದಿ ಕಮಿಟಿಯದ್ದು, ಕಾವು ಎಂದು ಕರೆಯುವ ಭಗವತಿ ಗುಡಿಯದ್ದು, ಫುಟ್‌ಬಾಲ್ ಕ್ಲಬ್ಬಿನದ್ದು, ಕೊನೆಗೆ ವಾಚನಾಲಯದ್ದು. ಏಳರಲ್ಲೂ ಕಣಾರನ್ ನಗುತ್ತಿದ್ದ. ಹೋದ ವರ್ಷ ತೀರಿಕೊಂಡ ಪಂಚಾಯತಿಯ ಹಳೇ ಅಧ್ಯಕ್ಷರಿಗೇ ನಾಲ್ಕು ಫ್ಲೆಕ್ಸು. ಅದರಲ್ಲೂ ಒಂದರಲ್ಲಿ ಹೆಸರು ತಪ್ಪಿತ್ತು.

ಕಣಾರನ್ ಅಧ್ಯಕ್ಷನಲ್ಲ, ಮೇಷ್ಟ್ರಲ್ಲ, ಮುಂದಾಳಲ್ಲ. ಮೋಟರು, ಮಿಕ್ಸಿ, ಫ್ಯಾನು, ಕೊಡೆ, ಬೀಗ, ನಲ್ಲಿ, ಹೀಗೆ ಮನೆಯಲ್ಲಿ ಕೆಡಬಹುದಾದದ್ದನ್ನೆಲ್ಲ ರಿಪೇರಿ ಮಾಡುವ ಮನುಷ್ಯ. ನಲವತ್ತೆರಡು ವರ್ಷ ಅದನ್ನೇ ಮಾಡಿ ಮಂಗಳವಾರ ಬೆಳಿಗ್ಗೆ ಚಹಾದ ಲೋಟ ಕೈಯಲ್ಲಿರುವಾಗಲೇ ಸತ್ತ. ಸುಗುಣನದ್ದೂ ಅದೇ ಕಸುಬು, ಅದೇ ಊರು, ಅದೇ ನಲವತ್ತೆರಡು ವರ್ಷ. ವ್ಯತ್ಯಾಸವೆಂದರೆ ಸುಗುಣನ್ ಬದುಕಿದ್ದ, ಮತ್ತು ಆ ವಿಷಯ ಊರಿನ ಗಮನಕ್ಕೆ ಬಂದಂತೆ ಕಾಣಲಿಲ್ಲ.

ಫೋಟೊ ಏಳರಲ್ಲೂ ಒಂದೇ. ಕಣಾರನ್ ಎಡಗೈಯನ್ನು ಸೊಂಟದ ಮೇಲಿಟ್ಟು, ಬಲಗೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರನ್ನು ಪೂಜಾರಿ ಗಂಟೆ ಹಿಡಿದ ಹಾಗೆ ಎತ್ತಿ ಹಿಡಿದಿದ್ದ. ಹಳದಿ ಮರದ ಹಿಡಿ. ಸುಗುಣನ್ ಹತ್ತಿರ ಹೋಗಿ ನೋಡಿದ. ಅದು ಅವನದೇ ಸ್ಕ್ರೂಡ್ರೈವರು. ಹದಿನೇಳು ವರ್ಷದ ಹಿಂದೆ ಮಸೀದಿಯ ಜನರೇಟರು ಬಿಚ್ಚಲು "ಹತ್ತು ನಿಮಿಷಕ್ಕೆ" ಎಂದು ತೆಗೆದುಕೊಂಡು ಹೋದದ್ದು. ಹಿಡಿಯ ಮೇಲೆ ಕಾದ ಮೊಳೆಯಿಂದ ಸುಗುಣನ್ ತನ್ನ ಹೆಸರಿನ ಮೊದಲಕ್ಷರ ಸುಟ್ಟು ಬರೆದಿದ್ದ. ಫೋಟೊದಲ್ಲಿ ಆ ಅಕ್ಷರದ ಮೇಲೆ ಸರಿಯಾಗಿ ಕಣಾರನ ಹೆಬ್ಬೆರಳಿತ್ತು.

ಮನೆಗೆ ಬಂದಾಗ ಹೆಂಡತಿ ರೋಹಿಣಿ ಮೀನು ಕೊಯ್ಯುತ್ತಿದ್ದವಳು ತಲೆ ಎತ್ತದೆ ಕೇಳಿದಳು, "ಎಷ್ಟು?"

"ಎಂತ ಎಷ್ಟು?"

"ಫ್ಲೆಕ್ಸು. ಹಾಲು ತರ್ಲಿಕ್ಕೆ ಹೋದವರು ಹಾಲು ಬಿಟ್ಟು ಬಂದಿದ್ದೀರಿ. ಎಣಿಸ್ಲಿಕ್ಕೇ ಅಲ್ವಾ ಹೋದದ್ದು?"

"ಏಳು."

"ಎಂಟು. ಶಾಲೆಯ ಗೇಟಲ್ಲಿ ಇನ್ನೊಂದು ಉಂಟು. ನೀವು ಆ ಕಡೆ ಹೋಗಿರ್ಲಿಕ್ಕಿಲ್ಲ."

ಸುಗುಣನ್ ಜಗಲಿಯಲ್ಲಿ ಕುಳಿತ. ಅರುವತ್ತಾರು ವರ್ಷ, ರಕ್ತದೊತ್ತಡದ ಮಾತ್ರೆ, ಎಡಗಾಲಿನಲ್ಲಿ ಬಾವು. ತನಗೆ ಎಷ್ಟು ಫ್ಲೆಕ್ಸು ಹಾಕಬಹುದು ಎಂಬ ಲೆಕ್ಕ ತಲೆಯಲ್ಲಿ ತಾನಾಗಿ ನಡೆಯತೊಡಗಿತು. ಪಕ್ಷದವರು? ಅವನು ಯಾವ ಪಕ್ಷಕ್ಕೂ ಕೈ ಎತ್ತಿದವನಲ್ಲ. ಮಸೀದಿ, ಕಾವು? ಎರಡೂ ಕಡೆ ಅವನು ಹಾಕಿದ ವೈರಿಂಗು ಇವತ್ತಿಗೂ ಕೆಟ್ಟಿಲ್ಲ, ಹಾಗಾಗಿ ಯಾರೂ ಅವನನ್ನು ಮತ್ತೆ ಕರೆದಿಲ್ಲ. ಲೆಕ್ಕ ಸೊನ್ನೆಯ ಹತ್ತಿರ ಬಂದಾಗ ನಿಲ್ಲಿಸಿದ.

"ನಾನು ಸತ್ರೆ," ಎಂದ.

"ನಾನೇ ಎಲ್ಲರಿಗೂ ಫೋನ್ ಮಾಡಿ ಹೇಳ್ಬೇಕಾಗ್ತದೆ," ಎಂದಳು ರೋಹಿಣಿ. "ಯಾವ ಸುಗುಣನ್ ಅಂತ ಕೇಳ್ತಾರೆ."

ಅವನ ಹೊಟ್ಟೆಯುರಿಗೆ ಕಾರಣವಿಲ್ಲದೆ ಇರಲಿಲ್ಲ. ಕಣಾರನ ಕೆಲಸವೆಂದರೆ ಸೈಕಲ್ ಟ್ಯೂಬಿನ ಪಟ್ಟಿ. ಹಳೇ ಟ್ಯೂಬುಗಳನ್ನು ಕತ್ತರಿಯಿಂದ ಉದ್ದುದ್ದ ಕತ್ತರಿಸಿ, ಬಳೆಯ ಹಾಗೆ ಕೈಗೆ ಸುತ್ತಿಕೊಂಡು ತಿರುಗುತ್ತಿದ್ದ. ಫ್ಯಾನಿನ ಕೊಂಡಿ ಸಡಿಲವೇ, ಒಂದು ಪಟ್ಟಿ. ಮಿಕ್ಸಿಯ ಮುಚ್ಚಳ ಹಾರುತ್ತದೆಯೇ, ಎರಡು ಪಟ್ಟಿ. ಕಟ್ಟಿ, ಎಳೆದು ನೋಡಿ, "ಸದ್ಯಕ್ಕೆ ಆಯ್ತು" ಅನ್ನುತ್ತಿದ್ದ. ಆಮೇಲೆ ಕುಳಿತು ಚಹಾ ಕುಡಿದು, ಆ ಮನೆಯ ಸುದ್ದಿ ಕೇಳಿ, ಪಕ್ಕದ ಮನೆಯ ಸುದ್ದಿ ಹೇಳಿ ಎದ್ದು ಹೋಗುತ್ತಿದ್ದ. ವರ್ಷ ತುಂಬುವುದರೊಳಗೆ ರಬ್ಬರು ಒಣಗಿ ಬಿರುಕು ಬಿಡುತ್ತಿತ್ತು. ಮತ್ತೆ "ಕಣಾರೇಟ್ಟಾ!" ಎಂದು ಕೂಗು. ಅವನಿಗಿಂತ ಹಿರಿಯರೂ ಅವನನ್ನು ಏಟ್ಟ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದರು.

ಸುಗುಣನ್ ಪಟ್ಟಿ ಕಟ್ಟುವವನಲ್ಲ. ಹಿತ್ತಾಳೆ, ಬೆಸುಗೆ, ಸ್ಕ್ರೂ. ಸ್ಕ್ರೂ ಬಿಗಿ ಮಾಡಿದ ಮೇಲೆ ಅದರ ತಲೆಯ ಗೀರು ನೆಟ್ಟಗೆ ಮೇಲೆ ಕೆಳಗೆ ನಿಲ್ಲುವ ಹಾಗೆ ನೋಡಿಕೊಳ್ಳುವುದು ಅವನ ಪದ್ಧತಿ. ಒಂದು ಬಾಗಿಲಿನ ಹನ್ನೆರಡು ಸ್ಕ್ರೂಗಳೂ ಸಾಲಾಗಿ ನಿಂತ ಪೊಲೀಸರ ಹಾಗೆ ಒಂದೇ ದಿಕ್ಕು ನೋಡಬೇಕು. ಇದನ್ನು ಈವರೆಗೆ ಒಂದು ನರಪಿಳ್ಳೆಯೂ ಗಮನಿಸಿರಲಿಲ್ಲ. ಅವನು ಒಮ್ಮೆ ಮುಟ್ಟಿದ್ದು ಮತ್ತೆ ಕೆಡುತ್ತಿರಲಿಲ್ಲ, ಆ ಮನೆಯವರು ಅವನನ್ನು ಮತ್ತೆ ನೋಡುತ್ತಿರಲಿಲ್ಲ.

ಶುಕ್ರವಾರ ನಾಣು ಮಾಷ್ ಬಂದರು. ಶಾಲೆಯಿಂದ ನಿವೃತ್ತರಾಗಿ ಹದಿನೈದು ವರ್ಷ ಕಳೆದರೂ ಊರಿಗೆ ಅವರು ಮಾಷ್, ಅಂದರೆ ಮೇಷ್ಟ್ರು. ಈಗ ವಾಚನಾಲಯದ ಅಧ್ಯಕ್ಷರು. ಕೊಡೆಯನ್ನು ಜಗಲಿಗೆ ಒರಗಿಸಿಟ್ಟರು. ಅದರ ಕಡ್ಡಿಗೆ ಕಪ್ಪು ರಬ್ಬರು ಪಟ್ಟಿ ಸುತ್ತಿತ್ತು.

"ನಾಡಿದ್ದಲ್ಲ, ಅದರ ಮುಂದಿನ ಆದಿತ್ಯವಾರ ಸಾಯಂಕಾಲ ಸ್ಮರಣ ಸಭೆ, ಸುಗುಣಾ. ನೀನು ಐದು ನಿಮಿಷ ಮಾತಾಡ್ಬೇಕು."

"ನಾನ್ಯಾಕೆ ಮಾಷೇ? ನಂಗೆ ಮಾತು ಬರೋದಿಲ್ಲ."

"ಒಬ್ಬ ಕಲಾವಿದ ತೀರಿಕೊಂಡಾಗ ಇನ್ನೊಬ್ಬ ಕಲಾವಿದ ಎರಡು ಮಾತು ಆಡೋದು ಮರ್ಯಾದೆ."

"ಯಾರು ಕಲಾವಿದ?"

"ಕಣಾರನ್," ಎಂದರು ಮಾಷ್. ಸ್ವಲ್ಪ ತಡೆದು, "ನೀನೂ," ಎಂದು ಸೇರಿಸಿದರು.

ಆ ತಡೆ ಸುಗುಣನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿಯಿತು. ಮಾರನೇ ದಿನ ಆಮಂತ್ರಣ ಪತ್ರ ಬಂತು. ಮಾತಾಡುವವರ ಪಟ್ಟಿಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ಹುದ್ದೆ. ಕೊನೆಯಲ್ಲಿ ಅವನ ಹೆಸರು, ಅದರ ಮುಂದೆ "ಕಣಾರೇಟ್ಟನ ಸಹೋದ್ಯೋಗಿ".

"ಚೆನ್ನಾಗಿ ಉಂಟು," ಎಂದಳು ರೋಹಿಣಿ, ಪತ್ರವನ್ನು ದೂರ ಹಿಡಿದು ಓದಿ. "ಈಗ ಯಾವ ಸುಗುಣನ್ ಅಂತ ಯಾರೂ ಕೇಳೋದಿಲ್ಲ."

ಸೋಮವಾರದಿಂದ ಫೋನು ಶುರುವಾಯಿತು. ಪ್ರತಿಯೊಂದು ಕರೆಯೂ ಒಂದೇ ಥರ ಆರಂಭವಾಗುತ್ತಿತ್ತು: "ಕಣಾರೇಟ್ಟ ಇಲ್ವಲ್ಲ, ಹಾಗಾಗಿ ನಿಮ್ಗೆ ಮಾಡಿದ್ದು." ಬುಧವಾರ ಬೀಯಾತ್ತು ಉಮ್ಮನ ಮನೆಯಿಂದ ಕರೆ. ಬಾವಿಯ ಮೋಟರು ನೀರೆತ್ತುತ್ತಿಲ್ಲ.

ಬೀಯಾತ್ತು ಊರಿಗೆಲ್ಲ ಉಮ್ಮ, ಅಂದರೆ ಅಮ್ಮ; ವಯಸ್ಸು ಎಂಬತ್ತರ ಮೇಲೆ. ಮಕ್ಕಳೆಲ್ಲ ಹತ್ತಿರದಲ್ಲೇ, ಗೋಡೆಯಾಚೆ ಈಚೆ ಮನೆ ಕಟ್ಟಿಕೊಂಡಿದ್ದರು; ಎಲ್ಲರೂ ಗಡಿಬಿಡಿಯವರು. ಉಮ್ಮ ಹಿತ್ತಿಲಿನ ಚಪ್ಪರದಲ್ಲಿ ಕಾಯುತ್ತಿದ್ದಳು. ಅವಳಿಗೆ ಎಲ್ಲರೂ ಮೋನೇ, ಅಂದರೆ ಮಗನೇ.

"ಬಾ ಮೋನೇ. ಕಣಾರನ್ ಹೋದ, ಮೋಟರೂ ನಿಂತ್ಹೋಯ್ತು. ಅದಕ್ಕೂ ಗೊತ್ತಾಗಿದೆ ನೋಡು."

"ಮೋಟರಿಗೆ ಎಂತ ಗೊತ್ತಾಗ್ತದೆ ಉಮ್ಮಾ? ಬಾವಿಯೊಳಗಿನ ವಾಲ್ವಿನ ರಬ್ಬರು ಹರಿದಿರ್ತದೆ."

"ಹಾಂ, ಅದೇ! ಕಣಾರನೂ ಅದನ್ನೇ ಹೇಳೋದು. ಹದಿನಾಲ್ಕು ವರ್ಷದಿಂದ ಅದೇ ಹರಿಯೋದು."

"ಹದಿನಾಲ್ಕು ಸಲ ಹರಿದ್ರೂ ಒಂದು ಹೊಸ ವಾಲ್ವು ಹಾಕ್ಸಿಬಿಡುವಾ ಅಂತ ನಿಮ್ಗೆ ತೋಚ್ಲಿಲ್ವಾ?"

"ಅವ ಬರ್ತಾನಲ್ಲ," ಎಂದಳು ಉಮ್ಮ. "ಮತ್ತೆಂತಕ್ಕೆ?"

ಸುಗುಣನ್ ಹೋಸು ಪೈಪನ್ನು ಬಾವಿಯಿಂದ ಎಳೆದು ತೆಗೆದ. ತುದಿಯ ವಾಲ್ವಿನಲ್ಲಿ ನೀರನ್ನು ತಡೆದು ನಿಲ್ಲಿಸುವ ಬಿಲ್ಲೆ ಇರಬೇಕಾದಲ್ಲಿ ಸೈಕಲ್ ಟ್ಯೂಬಿನ ಒಂದು ತುಂಡು, ಅದೂ ಅರ್ಧ ಹರಿದದ್ದು. ನೋಡಿ ಅವನಿಗೆ ಒಳಗೊಳಗೇ ಖುಷಿಯಾಯಿತು. ಇದನ್ನು ಆದಿತ್ಯವಾರ ಸಭೆಗೆ ತೆಗೆದುಕೊಂಡು ಹೋಗಿ ಎತ್ತಿ ತೋರಿಸಿದರೆ ಹೇಗೆ ಎಂದು ಯೋಚಿಸಿ, ಆ ತುಂಡನ್ನು ಜೇಬಿಗೆ ಹಾಕಿಕೊಂಡ.

ಆಗ ಅವನ ಕಣ್ಣು ಬಾವಿಯ ಮೇಲಿನ ರಾಟೆಯ ಮೇಲೆ ಬಿತ್ತು. ತೊಂಬತ್ತಾರರಲ್ಲಿ ಅವನು ಹಾಕಿದ್ದು. ಹಿತ್ತಾಳೆಯ ಒಳಸುತ್ತು, ಕಬ್ಬಿಣದ ಅಚ್ಚು, ಅಚ್ಚಿನ ಎರಡೂ ತುದಿಗಳನ್ನು ಸುತ್ತಿಗೆಯಿಂದ ಬಡಿದು ಅಗಲ ಮಾಡಿ ಕೂರಿಸಿದ್ದು. ಮೋಟರು ನಿಂತ ಈ ಎರಡು ದಿನ ಉಮ್ಮ ಅದರಿಂದಲೇ ನೀರು ಸೇದಿದ್ದಳು. ಸುಗುಣನ್ ಹಗ್ಗ ಎಳೆದು ನೋಡಿದ. ರಾಟೆ ಸದ್ದೇ ಮಾಡದೆ ಬೆಣ್ಣೆಯ ಹಾಗೆ ತಿರುಗಿತು.

"ಈ ರಾಟೆ ಚೆನ್ನಾಗಿ ಓಡ್ತದಾ ಉಮ್ಮಾ?" ಎಂದ. ಕೇಳಬಾರದಿತ್ತು.

"ರಾಟೆಯಾ? ಅದು ಅದರಷ್ಟಕ್ಕೆ ಉಂಟು."

"ಯಾರು ಹಾಕಿದ್ದು, ನೆನಪುಂಟಾ?"

"ಯಾರು ಹಾಕ್ಲಿಕ್ಕುಂಟು? ಬಾವಿ ಜೊತೆಗೇ ಬಂದದ್ದಲ್ವಾ?"

ಅವನು ಸ್ವಲ್ಪ ಹೊತ್ತು ಬಾವಿಯೊಳಗೆ ಇಣುಕಿ ನೋಡಿದ. ಆಮೇಲೆ ಪೇಟೆಗೆ ಹೋಗಿ ಹಿತ್ತಾಳೆಯ ಹೊಸ ವಾಲ್ವು ತಂದು ಕೂರಿಸಿ, ಮೋಟರಿಗೆ ನೀರು ಕುಡಿಸಿ, ಗುಂಡಿ ಒತ್ತಿದ. ನೀರು ಟ್ಯಾಂಕಿಗೆ ಧೋ ಎಂದು ಬಿತ್ತು.

"ಇನ್ನು ಇಪ್ಪತ್ತು ವರ್ಷ ನೀವು ಇದರ ಯೋಚನೆ ಮಾಡೋದು ಬೇಡ," ಎಂದ.

"ಇಪ್ಪತ್ತು ವರ್ಷವಾ?" ಉಮ್ಮನ ಮುಖ ಇಳಿದುಹೋಯಿತು. ಯಾರೋ ಹೊರಗಿನಿಂದ ಬಾಗಿಲಿನ ಚಿಲಕ ಹಾಕಿದ ಹಾಗೆ ಅವನನ್ನು ನೋಡಿದಳು. "ಆಯ್ತು ಮೋನೇ. ನೀನು ಮಾಡಿದ್ದು ಒಳ್ಳೇದಕ್ಕೇ."

ಚಹಾ ಬಂತು. ಕಣಾರನಿಗಾದರೆ ಚಹಾದ ಜೊತೆ ಉಣ್ಣಕ್ಕಾಯಿ, ಬಾಳೆಹಣ್ಣನ್ನು ಬೇಯಿಸಿ ಒಳಗೆ ತೆಂಗು ತುಂಬಿ ಕರಿದ ತಿಂಡಿ, ಬರುತ್ತಿತ್ತು ಎನ್ನುವುದು ಊರಿಗೆಲ್ಲ ಗೊತ್ತಿದ್ದದ್ದೇ. ಸುಗುಣನ್ ತಟ್ಟೆಯಲ್ಲಿದ್ದ ಎರಡು ಬಿಸ್ಕತ್ತುಗಳನ್ನು ನೋಡುವುದನ್ನು ಉಮ್ಮ ನೋಡಿದಳು.

"ಅದು ಕಣಾರನಿಗೇ ಅಂತ ಮಾಡೋದು. ಈ ಸಲ ಮಾಡ್ಲಿಲ್ಲ."

ಅವತ್ತು ಮನೆಗೆ ಬಂದವನೇ ಕ್ಯಾಲೆಂಡರಿನ ಹಾಳೆಯ ಹಿಂದೆ ಭಾಷಣ ಬರೆದ. ಚಿಕ್ಕ ಭಾಷಣ. ಕಣಾರನ್ ಒಳ್ಳೆಯ ಮನುಷ್ಯ, ಸತ್ಯ. ಆದರೆ ಅವನು ಮಾಡಿದ ಒಂದು ಕೆಲಸವೂ ವರ್ಷ ಬಾಳಿಲ್ಲ, ಅದೂ ಸತ್ಯ. ಪ್ರೀತಿ ಬೇರೆ, ಕೆಲಸ ಬೇರೆ. ಈ ಊರಿನಲ್ಲಿ ಸದ್ದಿಲ್ಲದೆ ಓಡುತ್ತಿರುವುದನ್ನೆಲ್ಲ ಒಮ್ಮೆ ನೋಡಿ, ಅದನ್ನು ಯಾರು ಮಾಡಿದ್ದೆಂದು ನಿಮ್ಮನ್ನೇ ಕೇಳಿಕೊಳ್ಳಿ. ಇಷ್ಟು ಹೇಳಿ ಜೇಬಿನಿಂದ ರಬ್ಬರಿನ ತುಂಡು ತೆಗೆಯುವುದು.

ರೋಹಿಣಿ ಓದಿದಳು. "ಹೇಳಿದ್ಮೇಲೆ ಮನೆಗೆ ಬರೋದು ಯಾವ ದಾರೀಲಿ? ಹಿಂದಿನ ಗದ್ದೆಯ ಬದಿಯಿಂದ ಬನ್ನಿ. ಕಲ್ಲು ಕಡಿಮೆ ಉಂಟು ಅಲ್ಲಿ."

"ಸತ್ಯ ಹೇಳ್ಲಿಕ್ಕೆ ಹೆದರ್ಬೇಕಾ?"

"ಸತ್ಯ ಅಲ್ಲ ಇದು. ಹೊಟ್ಟೆಕಿಚ್ಚು. ಅಕ್ಷರ ಮಾತ್ರ ಚಂದ ಬಂದಿದೆ."

ಶನಿವಾರ ಅವನು ಕಣಾರನ ಮನೆಗೆ ಹೋದ. ಸ್ಕ್ರೂಡ್ರೈವರು ಕೇಳಲು. ಸತ್ತವರ ಮನೆಗೆ ಹನ್ನೆರಡನೇ ದಿನದೊಳಗೆ ಅಂಥದ್ದಕ್ಕೆ ಹೋಗಬಾರದೆಂದು ಗೊತ್ತಿತ್ತು. ಆದರೆ ಸಭೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ಮಾತಾಡಬೇಕೆಂಬ ಆಸೆ ಎರಡು ದಿನದಿಂದ ಕೊರೆಯುತ್ತಿತ್ತು. ಆ ಮನೆಯೊಳಗೆ ಅವನು ಕಾಲಿಟ್ಟಿದ್ದು ಅದೇ ಮೊದಲು. ಯಾವ ಕೆಲಸಕ್ಕೆ ಅಲ್ಲಿಗೆ ಅವನನ್ನು ಕರೆಯುತ್ತಾರೆ?

ಕಣಾರನ ಹೆಂಡತಿ ನಳಿನಿ, ಊರಿಗೆ ನಳಿನಿ ಚೇಚಿ, ಅಂದರೆ ಅಕ್ಕ, ಒಳಗೆ ಕರೆದು ಕೂರಿಸಿ ಚಹಾಕ್ಕೆಂದು ಅಡುಗೆಮನೆಗೆ ಹೋದಳು. ಸುಗುಣನ್ ಅಭ್ಯಾಸಬಲದಿಂದ ಮನೆಯ ಮೇಲೆ ಕಣ್ಣಾಡಿಸಿದ. ಎಲ್ಲೆಲ್ಲಿ ರಬ್ಬರು ಪಟ್ಟಿ ಜೋತಾಡುತ್ತಿದೆ ಎಂದು ಹುಡುಕಿದ. ಒಂದೂ ಇರಲಿಲ್ಲ. ಫ್ಯಾನು ಅಲುಗಾಡದೆ ತಿರುಗುತ್ತಿತ್ತು. ಕಿಟಕಿಯ ಕೊಂಡಿ ಹಿತ್ತಾಳೆಯದ್ದು. ಎದ್ದು ಬಾಗಿಲಿನ ಹತ್ತಿರ ಹೋದ. ಎರಡು ಕೀಲುಗಳಲ್ಲಿ ಮೂರರಂತೆ ನಾಲ್ಕು ಸಾಲು ಸ್ಕ್ರೂ. ಹನ್ನೆರಡರ ಗೀರುಗಳೂ ನೆಟ್ಟಗೆ, ಮೇಲೆ ಕೆಳಗೆ.

ಅವನು ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. ಸ್ವಿಚ್ಚಿನ ಹಲಗೆ ನೋಡಿದ. ಕಪಾಟು ನೋಡಿದ. ಎಲ್ಲ ಕಡೆ ಅದೇ, ಸಾಲಾಗಿ ನಿಂತ ಪೊಲೀಸರು.

ನಲವತ್ತೆರಡು ವರ್ಷ ಅವನು ಒಂದೇ ಒಂದು ಸಮಾಧಾನದ ಮೇಲೆ ಬದುಕಿದ್ದ: ಕಣಾರನಿಗೆ ಜನ ಇದ್ದಾರೆ, ತನಗೆ ಕೈ ಇದೆ. ಈಗ ನೋಡಿದರೆ ಆ ಮನುಷ್ಯನಿಗೆ ಎರಡೂ ಇತ್ತು. ಒಂದನ್ನು ಊರಿಗೆ ಕೊಟ್ಟು, ಇನ್ನೊಂದನ್ನು ಯಾರಿಗೂ ತೋರಿಸದೆ ಮನೆಯಲ್ಲಿಟ್ಟಿದ್ದ.

ನಳಿನಿ ಚೇಚಿ ಚಹಾ ತಂದಾಗ ಸುಗುಣನ್ ಇನ್ನೂ ಬಾಗಿಲಿನ ಪಕ್ಕದಲ್ಲೇ ನಿಂತಿದ್ದ.

"ಅದನ್ನು ನೋಡಿದ್ರಾ?" ಎಂದಳು. "ಒಂದ್ಸಲ ನೀವು ಬ್ಯಾಂಕಿನ ಬಾಗ್ಲು ಕೂರಿಸಿದ್ರಂತೆ. ಇವರು ಅದನ್ನು ನೋಡಿ ಬಂದು ಈ ಮನೆಯ ಸ್ಕ್ರೂ ಎಲ್ಲ ಬಿಚ್ಚಿ ಪುನಃ ಹಾಕಿದ್ರು. ಎರಡು ದಿನ ಊಟಕ್ಕೂ ಏಳ್ಲಿಲ್ಲ. ಸುಗುಣನ್ ಹೀಗೆ ಮಾಡ್ತಾನೆ ಅಂತ."

ಸುಗುಣನ್ ಲೋಟ ತೆಗೆದುಕೊಂಡ. "ಮತ್ತೆ ಊರಿನವರಿಗೆ ಯಾಕೆ ಆ ರಬ್ಬರು ಕಟ್ಟುತ್ತಿದ್ದ?"

"ನಾನೂ ಕೇಳಿದ್ದೆ. ಸುಗುಣನ್ ಒಮ್ಮೆ ಹೋದ ಮನೆಗೆ ಮತ್ತೆ ಯಾರೂ ಬೇಡ, ಅಂದ್ರು. ಹೊಗಳಿದ್ದೋ ಬೈದದ್ದೋ ನಂಗೆ ಗೊತ್ತಾಗ್ಲಿಲ್ಲ."

ಅದು ಸುಗುಣನಿಗೂ ಗೊತ್ತಾಗಲಿಲ್ಲ. ಚಹಾ ಕುಡಿದು ಮುಗಿಸಿ, ಮರೆತವನ ಹಾಗೆ ಸ್ಕ್ರೂಡ್ರೈವರಿನ ಮಾತು ತೆಗೆದ.

"ಹಳದಿ ಹಿಡಿಯದ್ದಾ? ಅಯ್ಯೋ, ಅದನ್ನು ನಾಣು ಮಾಷ್ ತಕೊಂಡು ಹೋದ್ರಲ್ಲ. ಸಭೆಯಲ್ಲಿ ಇಡ್ಲಿಕ್ಕಂತೆ."

ಆದಿತ್ಯವಾರ ಐದು ಗಂಟೆಗೆ ವಾಚನಾಲಯದ ಅಂಗಳ ತುಂಬಿಹೋಗಿತ್ತು. ಕುರ್ಚಿ ಸಾಲದೆ ಆಟೊದವರು ತಮ್ಮ ಆಟೊಗಳನ್ನೇ ತಿರುಗಿಸಿ ನಿಲ್ಲಿಸಿ ಅದರಲ್ಲಿ ಕುಳಿತಿದ್ದರು. ವೇದಿಕೆಯ ಮೇಲೆ ಕಣಾರನ ದೊಡ್ಡ ಫೋಟೊ, ಅದರ ಮುಂದೆ ಬಿಳಿ ಬಟ್ಟೆ ಹಾಸಿದ ಮೇಜು, ಮೇಜಿನ ಮೇಲೆ ಹಳದಿ ಹಿಡಿಯ ಸ್ಕ್ರೂಡ್ರೈವರು. ಅದಕ್ಕೆ ಮಲ್ಲಿಗೆ ಹಾರ ಹಾಕಿದ್ದರು. ಸುಗುಣನ್ ತನ್ನ ಆಯುಧಕ್ಕೆ ಹಾರ ಬಿದ್ದದ್ದನ್ನು ಮೊದಲ ಸಾಲಿನಿಂದ ನೋಡಿದ. ಮಲ್ಲಿಗೆಯ ಎಸಳುಗಳ ನಡುವೆ ಅವನ ಸುಟ್ಟ ಅಕ್ಷರ ಅರ್ಧ ಕಾಣುತ್ತಿತ್ತು.

ಒಬ್ಬೊಬ್ಬರಾಗಿ ಮಾತಾಡಿದರು. ಕೆಂಪು ಪಕ್ಷದವರು ಕಣಾರನ್ ಶ್ರಮಜೀವಿ ಎಂದರು. ಹಸಿರು ಪಕ್ಷದವರು ಜಾತಿ ಮತ ನೋಡದವನು ಎಂದರು. ಮಸೀದಿ ಕಮಿಟಿಯ ಕುಂಞಮ್ಮದ್ ಮೈಕಿನ ಹತ್ತಿರ ಬಂದು, "ನನ್ನ ತಂಗಿಯ ಮದುವೆಗೆ ಕಣಾರೇಟ್ಟ ಫ್ಯಾನು ಹಾಕಿದ್ರು. ಮದುಮಗ ಒಳಗೆ ಬರುವಾಗ ಫ್ಯಾನು ಬಿತ್ತು. ಮಂಚದ ಮೇಲೆ. ಮಂಚ ಮುರೀತು. ಕಣಾರೇಟ್ಟ ಓಡಿ ಬಂದು ಮಂಚಕ್ಕೂ ಒಂದು ಪಟ್ಟಿ ಕಟ್ಟಿದ್ರು!" ಎಂದ. ಅಂಗಳವೆಲ್ಲ ನಕ್ಕಿತು. "ಆ ಮಂಚ ಈಗ್ಲೂ ಉಂಟು," ಎಂದು ಕುಂಞಮ್ಮದ್ ಅಳತೊಡಗಿದ. ಅವನ ಜೊತೆ ಅರ್ಧ ಅಂಗಳ ಅತ್ತಿತು.

ಸುಗುಣನಿಗೆ ತಲೆ ಕೆಟ್ಟುಹೋಯಿತು. ಫ್ಯಾನು ಬಿದ್ದದ್ದಕ್ಕೆ ಅಳುತ್ತಾರೆ! ಅವನು ಹಾಕಿದ ಮುನ್ನೂರು ಫ್ಯಾನುಗಳಲ್ಲಿ ಒಂದೂ ಬಿದ್ದಿಲ್ಲ. ಅದಕ್ಕೆ ಯಾರ ಕಣ್ಣಲ್ಲೂ ಒಂದು ಹನಿ ನೀರಿಲ್ಲ.

"ಈಗ ಕಣಾರೇಟ್ಟನ ಸಹೋದ್ಯೋಗಿ," ಎಂದರು ನಾಣು ಮಾಷ್.

ಸುಗುಣನ್ ಎದ್ದ. ಬಲಜೇಬಿನಲ್ಲಿ ಭಾಷಣ, ಎಡಜೇಬಿನಲ್ಲಿ ರಬ್ಬರಿನ ತುಂಡು. ಮೈಕಿನ ಮುಂದೆ ನಿಂತು ಹಾಳೆ ಬಿಡಿಸಿದ. "ಕಣಾರನ್," ಎಂದ. ಮೈಕು ಕಿರ್ರ್ ಎಂದು ಕೂಗಿ ಸತ್ತಿತು.

"ಕಣಾರೇಟ್ಟಾ!" ಎಂದು ಅಂಗಳದ ನಡುವಿನಿಂದ ಯಾರೋ ಕೂಗಿದರು, ಅಭ್ಯಾಸದಿಂದ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡಿರಬೇಕು. ಆಮೇಲೆ ಮುನ್ನೂರು ಮುಖಗಳು ಒಟ್ಟಿಗೇ ಸುಗುಣನ ಕಡೆ ತಿರುಗಿದವು. ಈ ಊರು ಒಟ್ಟಾಗಿ ಅವನನ್ನು ನೋಡಿದ್ದು ಅದೇ ಮೊದಲ ಸಲ.

ಅವನು ಹಾರ ಸರಿಸಿ ತನ್ನ ಸ್ಕ್ರೂಡ್ರೈವರು ತೆಗೆದುಕೊಂಡ. ಹದಿನೇಳು ವರ್ಷದ ಮೇಲೂ ಹಿಡಿ ಅಂಗೈಯ ಗುರುತು ಹಿಡಿದು ಕೂತಿತು. ಮೈಕಿನ ಪೆಟ್ಟಿಗೆ ಬಿಚ್ಚಿದ. ಒಳಗೆ ವೈರು ಬಂದು ಸೇರುವಲ್ಲಿ ಕಪ್ಪು ರಬ್ಬರು ಪಟ್ಟಿ, ಸಡಿಲವಾಗಿ ಜಾರಿದ್ದು. ಅದನ್ನು ಎಳೆದು ತೆಗೆದು ಪಕ್ಕಕ್ಕೆ ಎಸೆದ. ಹತ್ತು ನಿಮಿಷದ ಕೆಲಸ; ಸರಿಯಾದ ಸ್ಕ್ರೂ ಹಾಕಿ ಕೂರಿಸಿದರೆ ಈ ಮೈಕು ಅವನ ಮೊಮ್ಮಕ್ಕಳ ಕಾಲಕ್ಕೂ ಮಾತಾಡುತ್ತದೆ.

"ಸುಗುಣಾ! ಎಂತ ಮಾಡ್ತಿದ್ದೀ?" ನಾಣು ಮಾಷ್ ಎದ್ದು ನಿಂತಿದ್ದರು. "ಅದನ್ನು ಬಿಸಾಡ್ತೀಯಾ? ಅವ ಕೈಯಾರೆ ಕಟ್ಟಿದ್ದು!"

"ಇದು ಹಾಳಾಗಿದೆ ಮಾಷೇ."

"ಹಾಳಾಗ್ಲಿ. ಅದನ್ನೇ ಕಟ್ಟು."

"ಅದನ್ನೇ ಕಟ್ಟಿ ಸುಗುಣೇಟ್ಟಾ!" ಎಂದು ಆಟೊದವರ ಕಡೆಯಿಂದ ಕೂಗು ಬಂತು. ನಳಿನಿ ಚೇಚಿ ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದಳು. ಕುಂಞಮ್ಮದ್ ವೇದಿಕೆಯಿಂದ ಕೆಳಗೆ ಬಿದ್ದಿದ್ದ ಪಟ್ಟಿಯನ್ನು ಹೆಕ್ಕಿ, ಉಫ್ ಎಂದು ಮಣ್ಣು ಊದಿ, ಎರಡೂ ಕೈಯಲ್ಲಿ ತಂದುಕೊಟ್ಟ.

ಸುಗುಣನ್ ಕಟ್ಟಿದ. ಜೀವಮಾನದಲ್ಲಿ ಅಷ್ಟು ಕೆಟ್ಟ ಕೆಲಸ ಮಾಡಿರಲಿಲ್ಲ. ಎರಡು ಸುತ್ತು, ಒಂದು ಗಂಟು. ಎಳೆದು ನೋಡಿದ, ಹಿಡಿದಿತ್ತು, ಹಿಡಿಯಬಾರದಂಥ ರೀತಿಯಲ್ಲಿ. ಪೆಟ್ಟಿಗೆ ಮುಚ್ಚಿ, ಬೆವರು ಒರೆಸಿಕೊಂಡು, ಮಾಷ್ ಕಡೆ ತಿರುಗಿ, "ಸದ್ಯಕ್ಕೆ ಆಯ್ತು," ಎಂದ.

ಮೈಕು ಜೀವಂತವಾಗಿತ್ತು. ಆ ಎರಡು ಮಾತು ವಾಚನಾಲಯದ ಮಾಡು ದಾಟಿ, ಬಸ್ ಸ್ಟಾಪು ದಾಟಿ, ಎಂಟೂ ಫ್ಲೆಕ್ಸುಗಳ ಮೇಲೆ ಹಾದುಹೋಯಿತು. ಮರುಕ್ಷಣ ಚಪ್ಪಾಳೆ. ನಕ್ಕರು, ಅತ್ತರು, ಎದ್ದು ನಿಂತರು. ಮಾಷ್ ಅವನನ್ನು ತಬ್ಬಿಕೊಂಡು, "ಇದಕ್ಕಿಂತ ಹೆಚ್ಚಿಗೆ ಯಾರಿಗೆ ಎಂತ ಹೇಳ್ಲಿಕ್ಕುಂಟು? ಸಭೆ ಮುಗೀತು," ಎಂದರು.

ಭಾಷಣ ಬಲಜೇಬಿನಲ್ಲೇ ಉಳಿಯಿತು. ಸುಗುಣನ್ ಆ ಚಪ್ಪಾಳೆಯಲ್ಲಿ ನಿಂತುಕೊಂಡು, ಇದರಲ್ಲಿ ತನ್ನದೆಷ್ಟು ಎಂದು ನೋಡಿದ. ಮಾತು ಕಣಾರನದ್ದು, ಪಟ್ಟಿ ಕಣಾರನದ್ದು, ಕೆಟ್ಟ ಮೈಕೂ ಕಣಾರನದ್ದು. ಉಳಿದದ್ದು ಸ್ಕ್ರೂಡ್ರೈವರು ಒಂದೇ. ಅದನ್ನು ಸದ್ದಿಲ್ಲದೆ ಜೇಬಿಗೆ ಇಳಿಸುವಾಗ ಮಾಷ್ ಕೈ ಹಿಡಿದರು.

"ಅದು ಇಲ್ಲೇ ಇರ್ಲಿ ಸುಗುಣಾ. ಗಾಜಿನ ಪೆಟ್ಟಿಗೆ ಮಾಡಿಸ್ತಿದ್ದೇವೆ."

"ಮಾಷೇ, ಇದು..."

"ಗೊತ್ತುಂಟು, ನಿಂಗೂ ಆಸೆ ಆಗ್ತದೆ. ಆದ್ರೆ ಊರಿನ ಸ್ವತ್ತು."

ಮನೆಗೆ ಬಂದಾಗ ರೋಹಿಣಿ ಅವನ ಮುಖ ನೋಡಿ, ಹೇಳಬೇಕೆಂದಿದ್ದ ಮಾತನ್ನು ನುಂಗಿದಳು. ಅವಳು ಹಾಗೆ ಮಾಡುವುದು ಅಪರೂಪ. "ಮುಂದಿನ ದಾರಿಯಲ್ಲೇ ಬಂದ್ರಲ್ಲ," ಎಂದಷ್ಟೇ ಹೇಳಿದಳು.

ನಾಲ್ಕು ದಿನ ಅವನು ಸುಮ್ಮನಿದ್ದ. ಐದನೇ ದಿನ ಚೀಲ ಹೆಗಲಿಗೆ ಹಾಕಿಕೊಂಡು, ಯಾರೂ ಕರೆಯದೆ ಇದ್ದರೂ, ಬೀಯಾತ್ತು ಉಮ್ಮನ ಮನೆಗೆ ಹೋದ.

"ಮೋಟರು ಹೇಗುಂಟು ಉಮ್ಮಾ?"

"ಎಂತ ತೊಂದ್ರೆಯೂ ಇಲ್ಲ ಮೋನೇ."

"ಸದ್ದು ಏನಾದ್ರೂ?"

"ಇಲ್ವೇ ಇಲ್ಲ."

"ನೀರು ಕಡಿಮೆ?"

"ಟ್ಯಾಂಕು ತುಂಬಿ ಹೊರಗೆ ಹೋಗ್ತದೆ."

ಸುಗುಣನ್ ಬಾವಿಕಟ್ಟೆಯ ಹತ್ತಿರ ನಿಂತು ತಲೆ ಎತ್ತಿ ರಾಟೆಯನ್ನು ನೋಡಿದ. ಆಗ ಅವನ ತಲೆಗೆ, ಅರುವತ್ತಾರು ವರ್ಷದಲ್ಲಿ ಎಂದೂ ಬರದ ಒಂದು ಯೋಚನೆ ಬಂತು. ಒಂದು ಚೂರು ಸಡಿಲವಾದರೆ ಕಿರ್ರೆನ್ನುತ್ತದೆ. ಕಿರ್ರೆಂದರೆ ಕರೆಯುತ್ತಾರೆ. ಸುತ್ತ ನೋಡಿ, ಕೈ ಚಾಚಿ, ಅಚ್ಚಿನ ತುದಿಯನ್ನು ಇಕ್ಕುಳದಲ್ಲಿ ಹಿಡಿದು ತಿರುಗಿಸಲು ನೋಡಿದ. ಜಗ್ಗಲಿಲ್ಲ. ಮತ್ತೆ ಶಕ್ತಿಯಿಟ್ಟು ತಿರುಗಿಸಿದ. ತೊಂಬತ್ತಾರರಲ್ಲಿ ಅವನೇ ಬಡಿದು ಕೂರಿಸಿದ್ದು. ಗರಗಸ ತಂದು ಕೊಯ್ದರಲ್ಲದೆ ಅಲ್ಲಾಡುವಂಥದ್ದಲ್ಲ. ತನ್ನ ಕೆಲಸದ ಮೇಲೆ ಅವನಿಗೆ ಜೀವನದಲ್ಲಿ ಮೊದಲ ಬಾರಿಗೆ ಸಿಟ್ಟು ಬಂತು.

"ಅದರಲ್ಲಿ ಎಂತ ಉಂಟು? ಬಿಡು," ಎಂದಳು ಉಮ್ಮ ಹಿಂದಿನಿಂದ. "ಬಂದದ್ದು ಬಂದಿದ್ದೀ, ಚಹಾ ಕುಡಿ. ಆ ಸ್ಟೂಲು ಬೇಡ, ಕುರ್ಚಿ ತಕೋ. ಅದು ಕಣಾರನ್ ಕೂರ್ತಿದ್ದ ಸ್ಟೂಲು, ಕಾಲು ಅಲ್ಲಾಡ್ತದೆ."

ಆದರೆ ಸುಗುಣನ್ ಆಗಲೇ ಕುಳಿತಾಗಿತ್ತು. ಸ್ಟೂಲು ಒಮ್ಮೆ ಎಡಕ್ಕೆ ವಾಲಿ, ಒಮ್ಮೆ ಬಲಕ್ಕೆ ವಾಲಿ, ಅವನನ್ನು ತೂಗಿ ನೋಡಿತು. ಬಗ್ಗಿ ನೋಡಿದ. ಕಾಲಿನ ಸಂದಿಗೆ ರಬ್ಬರು ಪಟ್ಟಿ, ಬಿರುಕು ಬಿಟ್ಟದ್ದು. ಒಂದೇ ಒಂದು ಸ್ಕ್ರೂ ಸಾಕು. ಬಲಗೈ ತಾನಾಗಿಯೇ ಚೀಲಕ್ಕೆ ಹೋಯಿತು. ಅವನು ಅದನ್ನು ಹಿಂದಕ್ಕೆ ತಂದು, ಉಮ್ಮ ಕೊಟ್ಟ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

"ಇದಕ್ಕೆ ಸಾಮಾನು ಬೇಕು ಉಮ್ಮಾ," ಎಂದ. "ಇವತ್ತು ತಂದಿಲ್ಲ. ಬರುವ ಬುಧವಾರ ಬಂದು ನೋಡ್ತೇನೆ."

ಚೀಲದಲ್ಲಿ ನಾಲ್ಕು ಅಳತೆಯ ಸ್ಕ್ರೂಗಳಿದ್ದವು. ಕದ್ದವನ ಹಾಗೆ ಕಿವಿ ಬಿಸಿಯಾಯಿತು. ಆದರೂ ಎಲ್ಲೋ ಒಂದು ಕಡೆ, ಸಣ್ಣಗೆ, ಸುಖವೆನಿಸಿತು.

ಉಮ್ಮ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು.

"ಕಣಾರನೂ ಹೀಗೇ ಹೇಳ್ತಿದ್ದ," ಎಂದಳು.

ಸುಖ ಅಲ್ಲಿಗೆ ಆರಿಹೋಯಿತು. ಸುಗುಣನ್ ಉಳಿದ ಚಹಾ ಕುಡಿದು ಮುಗಿಸಿದ.

"ಆದ್ರೆ ಅವ ಬರ್ತಿದ್ದ," ಎಂದಳು ಉಮ್ಮ.

"ನಾನೂ ಬರ್ತೇನೆ."

"ನೋಡುವಾ," ಎಂದು ಉಮ್ಮ ಖಾಲಿ ಲೋಟ ತೆಗೆದುಕೊಂಡು ಎದ್ದಳು. ಬಾಗಿಲ ಹತ್ತಿರ ನಿಂತು, ತಿರುಗಿ ನೋಡದೆ, "ಬುಧವಾರ ಬೆಳಿಗ್ಗೆಯಾ, ಸಾಯಂಕಾಲವಾ? ಬಾಳೆಹಣ್ಣು ಮುಂಚಿತವಾಗಿ ಬೇಯಿಸ್ಬೇಕು," ಎಂದಳು.